ಹಿತ್ತಲಿನ ಹಕ್ಕಿಗಳು: ಕಾಳು, ನೀರು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಕೆಲವು ವರ್ಷಗಳ ಹಿಂದೆ ನಾನು ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯ ಗ್ರಾಮಸಭೆಯಲ್ಲಿ ಒಂದೇ ಊರಿನ ಒಂದೇ ಬೀದಿಯಿಂದ ಎರಡು ಅರ್ಜಿಗಳು ಬಂದವು. ಮೊದಲನೆಯದು ನಿವೃತ್ತ ಶಿಕ್ಷಕರೊಬ್ಬರದು. ತಮ್ಮ ಹಿತ್ತಲಿಗೆ ನಿತ್ಯವೂ ಬರುವ ನವಿಲುಗಳಿಗೆ ಕಾಳು ಹಾಕಲು ಪಂಚಾಯಿತಿಯಿಂದ ಒಂದು ಕಟ್ಟೆ ಕಟ್ಟಿಸಿಕೊಡಬೇಕೆಂಬುದು ಅವರ ಕೋರಿಕೆ. ಎರಡನೆಯದು ಅವರ ನೆರೆಯ ರೈತರದು. ಬಿತ್ತಿದ ನೆಲಗಡಲೆಯನ್ನು ನವಿಲುಗಳು ಸಾಲು ಸಾಲಾಗಿ ಕೆದಕಿ ತಿಂದಿವೆ, ಅವುಗಳನ್ನು ಹಿಡಿಸಿ ಬೇರೆಡೆಗೆ ಸಾಗಿಸಬೇಕೆಂಬುದು ಅವರ ದೂರು. ಒಬ್ಬರ ಹಿತ್ತಲಿಗೂ ಇನ್ನೊಬ್ಬರ ಹೊಲಕ್ಕೂ ನಡುವೆ ಇದ್ದದ್ದು ಒಂದು ಬದು ಮಾತ್ರ. ಎರಡೂ ಅರ್ಜಿಗಳ ಮೇಲೆ 'ಪರಿಶೀಲಿಸಲಾಗುವುದು' ಎಂದು ಬರೆದು ನಾನೇ ಕಡತಕ್ಕೆ ಸೇರಿಸಿದೆ. ಮೂರು ವಾರಗಳ ನಂತರ ಅದೇ ಬದುವಿನ ಮೇಲೆ ಐದು ನವಿಲುಗಳು ಸತ್ತು ಬಿದ್ದಿದ್ದವು. ಅವುಗಳ ಬಾಯಿಯಲ್ಲಿ ವಿಷ ಬೆರೆತ ಕಾಳು ಸಿಕ್ಕಿತು. ಇಟ್ಟವರು ಯಾರೆಂಬುದು ಸಾಬೀತಾಗಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಚರಂಡಿಯ ಇಳಿಜಾರು, ಕಾಂಕ್ರೀಟಿನ ಪ್ರಮಾಣ ನನಗೆ ತಿಳಿಯುತ್ತದೆ. ಪಕ್ಷಿಶಾಸ್ತ್ರ ನನ್ನ ವಿಷಯವಲ್ಲ. ಆದರೆ ಆ ಐದು ನವಿಲುಗಳ ಮಹಜರಿಗೆ ಸಹಿ ಹಾಕಿದ ದಿನದಿಂದ ಈ ವಿಷಯವನ್ನು ಓದಿ, ನೋಡಿ, ಬಲ್ಲವರನ್ನು ಕೇಳಿ ತಿಳಿದುಕೊಳ್ಳುತ್ತ ಬಂದಿದ್ದೇನೆ. ನಮ್ಮ ನಿರ್ಣಯಗಳಿಗೆ ಉಪಯೋಗವಾಗಬಹುದೆಂದು ತೋರಿದ್ದನ್ನು ಇಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಮ್ಮ ಜಿಲ್ಲೆಯ ವಿಶೇಷ

ಹಕ್ಕಿಗಳ ವಿಷಯದಲ್ಲಿ ಮಂಡ್ಯ ಜಿಲ್ಲೆಯಷ್ಟು ಅನುಭವವಿರುವ ಜಿಲ್ಲೆಗಳು ಕಡಿಮೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬಂಡೆಬೆಟ್ಟ ಹಾಗೂ ಕುರುಚಲು ಕಾಡನ್ನು 1981ರಲ್ಲಿ ನವಿಲುಗಳಿಗಾಗಿಯೇ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಇದನ್ನು ತಾವು ವಿಶೇಷವಾಗಿ ಗಮನಿಸಬೇಕು. ಅಷ್ಟು ಚಿಕ್ಕ ಜಾಗದಲ್ಲಿ ಹುಟ್ಟಿದ ನವಿಲುಗಳು ಅಲ್ಲಿಯೇ ಮೇದು ಅಲ್ಲಿಯೇ ಬಾಳಲಾರವು. ಅವು ಸುತ್ತಲಿನ ರಾಗಿಹೊಲ, ತೆಂಗಿನ ತೋಟ, ಗುಂಡುತೋಪು, ಹಿತ್ತಲುಗಳಿಗೆ ಬಂದೇ ಬರುತ್ತವೆ. ಅಭಯಾರಣ್ಯದ ಗಡಿ ಅರಣ್ಯ ಇಲಾಖೆಯ ನಕ್ಷೆಯಲ್ಲಿದೆ. ನವಿಲಿನ ಗಡಿ ನಮ್ಮ ಪಂಚಾಯಿತಿಗಳ ಒಳಗಿದೆ.

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ತೋಳಗಳಿಗಾಗಿ ರಕ್ಷಿಸಿದ ಕಾಡು ಹಕ್ಕಿಗಳಿಗೂ ಆಸರೆಯಾಗಿದೆ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಪಾಠ ಕಲಿಸುವ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. (ನಮ್ಮ ನಾಗಮಂಗಲದ ಬೆಳ್ಳೂರಿಗೆ ಬಂದಿಳಿದು ಕೊಕ್ಕರೆ ಎಲ್ಲಿ ಎಂದು ಕೇಳುವ ಪ್ರವಾಸಿಗರಿದ್ದಾರೆ. ಹೆಸರು ಹೋಲುತ್ತದೆ, ಊರು ಬೇರೆ.) ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ, ಮನೆಗಳ ಸೂರಿಗೆ ತಾಗಿಯೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿಯ ಜನ ಈ ಹಕ್ಕಿಗಳಿಗೆ ಕಾಳು ಹಾಕುವುದಿಲ್ಲ. ಅವು ಕೆರೆಗಳಿಗೂ ಶಿಂಷಾ ನದಿಗೂ ಹಾರಿ ಹೋಗಿ ಮೀನು ತರುತ್ತವೆ. ಜನ ಕೊಟ್ಟದ್ದು ಮರವನ್ನು. ಮರ ಕಡಿಯಲಿಲ್ಲ, ಗೂಡಿಗೆ ಕಲ್ಲೆಸೆಯಲಿಲ್ಲ, ಹಿಕ್ಕೆಯ ವಾಸನೆಯನ್ನು ಸಹಿಸಿದರು, ಮರದಡಿ ಗುಂಡಿ ತೋಡಿ ಆ ಹಿಕ್ಕೆಯನ್ನೇ ಗೊಬ್ಬರ ಮಾಡಿಕೊಂಡರು. ಹುಣಸೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿಯೂ ಬಂದಿತು. ಗೂಡಿನಿಂದ ಬಿದ್ದ ಮರಿಗಳಿಗೆ ಮಾತ್ರ ಅಲ್ಲಿ ಕೈಯಾರೆ ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುತ್ತಾರೆ. ಉಣಿಸುವುದಕ್ಕೂ ಉಳಿಸುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. 2017ರ ಕೊನೆಯಿಂದ ಅಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಒಡಲಲ್ಲಿ ದುಂಡುಹುಳುಗಳು ಕಂಡುಬಂದವು. ಸುತ್ತಲಿನ ಕೆರೆಗಳ ನೀರು ಮತ್ತು ಮೀನಿನ ಮೇಲೆ ಎಲ್ಲರ ದೃಷ್ಟಿ ಹರಿಯಿತು. ಆ ಕೆರೆಗಳ ದಡದಲ್ಲಿಯೂ ಗ್ರಾಮ ಪಂಚಾಯಿತಿಗಳೇ ಇವೆ.

ಕಾಳು ಹಾಕುವ ಬಗೆ

ಹಕ್ಕಿಗೆ ಕಾಳು ಹಾಕುವುದು ನಮ್ಮಲ್ಲಿ ಹೊಸದಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಕಾಗೆಗೆ ಎಡೆ ಇಡುವವರು, ತೊಟ್ಟಿಮನೆಯ ಬಾಗಿಲಿಗೆ ಭತ್ತದ ತೆನೆಯ ಗೊಂಚಲು ತೂಗುಹಾಕುವವರು ಈಗಲೂ ಇದ್ದಾರೆ. ಕಣದಲ್ಲಿ ರಾಗಿ ಒಕ್ಕುತ್ತಿದ್ದ ಕಾಲದಲ್ಲಿ ಗುಬ್ಬಚ್ಚಿ, ಬೆಳವಗಳಿಗೆ ತಮ್ಮ ಪಾಲು ತಾನಾಗಿ ಸಿಗುತ್ತಿತ್ತು. ಈಗ ಒಕ್ಕಣೆ ಯಂತ್ರದಲ್ಲಿ, ಇಲ್ಲವೇ ಡಾಂಬರು ರಸ್ತೆಯ ಮೇಲೆ. ರಸ್ತೆಗೆ ಬಂದ ಹಕ್ಕಿ ಚಕ್ರಕ್ಕೆ ಸಿಗುತ್ತದೆ.

ಹಿತ್ತಲಿನಲ್ಲಿ ಸಣ್ಣ ಹಕ್ಕಿಗಳಿಗೆ ರಾಗಿ, ನವಣೆ, ಸಜ್ಜೆ, ನುಚ್ಚಕ್ಕಿ ಯಾವುದಾದರೂ ಆಗಬಹುದು. ಹಸಿ ಅಕ್ಕಿ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆಂಬ ಮಾತು ಸರಿಯಲ್ಲ. ಗದ್ದೆಯ ಅಕ್ಕಿ ತಿಂದೇ ರಾಟವಾಳಗಳು ಬದುಕಿವೆ. ಉಪ್ಪು ಖಾರ ಹಾಕಿದ ಮಂಡಕ್ಕಿ, ಕಾರಸೇವೆ, ಬಿಸ್ಕತ್ತು, ಹಳಸಿದ ಅನ್ನ, ಹಾಲು ಇವುಗಳನ್ನು ಹಾಕಬಾರದು. ನವಿಲನ್ನು ಕಂಡ ಕೂಡಲೇ ಕೈಯಲ್ಲಿರುವ ಪೊಟ್ಟಣವನ್ನೇ ಎಸೆಯುವ ಅಭ್ಯಾಸ ನಮ್ಮೆಲ್ಲರಲ್ಲಿಯೂ ಇದೆ. ಅದನ್ನು ಬಿಡಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಬಿತ್ತನೆಗೆ ಬಳಸಿ ಉಳಿದ ಬೀಜ. ಕೆಂಪು, ಗುಲಾಬಿ, ನೀಲಿ ಬಣ್ಣ ಲೇಪಿಸಿದ ಬೀಜಕ್ಕೆ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಬೆರೆಸಿರುತ್ತಾರೆ. ಚೀಲದ ತಳದಲ್ಲಿ ಉಳಿದ ಇಂಥ ಬೀಜವನ್ನು 'ಹಕ್ಕಿಗಾದರೂ ಆಗಲಿ' ಎಂದು ಹಿತ್ತಲಿಗೆ ಚೆಲ್ಲುವುದು ಕೇಡಿಲ್ಲದ ಮನಸ್ಸಿನಿಂದಲೇ ನಡೆಯುವ ಕೊಲೆ. ಮನೆಯ ಕೋಳಿಗೂ ಅದನ್ನು ಹಾಕಬಾರದು. ಬಿತ್ತನೆಯ ಕಾಲದಲ್ಲಿ ರೈತ ಸಂಪರ್ಕ ಕೇಂದ್ರದ ಮುಂದೆ ಈ ಒಂದು ಸಾಲನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದರೂ ಪ್ರಯೋಜನವಿದೆ.

ಪ್ರಮಾಣದ ವಿಷಯ. ಒಂದು ಮನೆಗೆ ದಿನಕ್ಕೆ ಒಂದು ಹಿಡಿ, ಅದೂ ಬೆಳಿಗ್ಗೆ. ಒಂದು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಹಾಕಬೇಕು. ಹತ್ತು ಗಂಟೆಗೂ ಉಳಿದಿರುವ ಕಾಳು ಹಕ್ಕಿಯದಲ್ಲ, ಇಲಿಯದು. ಇಲಿಯ ಹಿಂದೆ ಹಾವು ಬರುತ್ತದೆಂಬುದನ್ನು ಹಿತ್ತಲಿರುವವರಿಗೆ ಹೇಳಬೇಕಾಗಿಲ್ಲ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಹಾಕದೆ ವಾರಕ್ಕೊಮ್ಮೆ ಜಾಗ ಬದಲಿಸಬೇಕು. ಹಿಕ್ಕೆ ಬಿದ್ದ ಕಲ್ಲು, ತಟ್ಟೆಗಳನ್ನು ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಬೇಕು.

ಇದು ಮಡಿಯ ಮಾತಲ್ಲ, ರೋಗದ ಮಾತು. ಬ್ರಿಟನ್ನಿನಲ್ಲಿ ಮನೆಯ ಕೈತೋಟದ ಹಕ್ಕಿಗಳಿಗೆ ಆಹಾರ ಇಡುವುದು ಬಹು ದೊಡ್ಡ ಹವ್ಯಾಸ. 2005ರ ಸುಮಾರಿಗೆ ಅಲ್ಲಿ ಗ್ರೀನ್‌ಫಿಂಚ್ ಎಂಬ ಸಾಮಾನ್ಯ ಹಕ್ಕಿಗೆ ಗಂಟಲಿನ ರೋಗವೊಂದು ತಗುಲಿತು. ಕಾಯಿಲೆಯ ಹಕ್ಕಿ ನುಂಗಲಾರದೆ ಉಗುಳಿದ ಕಾಳನ್ನು ಇನ್ನೊಂದು ತಿನ್ನುತ್ತಿತ್ತು. ಒಂದೇ ತಟ್ಟೆಗೆ ಎಲ್ಲವೂ ಬಂದು ಸೇರುವುದರಿಂದ ರೋಗ ಹಬ್ಬಿತು. ಊರೂರಿನಲ್ಲಿ ಇದ್ದ ಆ ಹಕ್ಕಿ 2021ರಲ್ಲಿ ಅಲ್ಲಿಯ ಅಪಾಯದ ಪಟ್ಟಿಗೆ ಸೇರಿತು. ಪ್ರೀತಿಯಿಂದ ಇಟ್ಟ ತಟ್ಟೆಯೇ ಕಾರಣಗಳಲ್ಲಿ ಒಂದಾಯಿತು.

ನಮ್ಮಲ್ಲಿ ಅಂಥದೇ ಅಪಾಯ ಕೊಕ್ಕರೆ ರೋಗದ್ದು. ನಾಟಿಕೋಳಿಗಳನ್ನು ಸಾಲಾಗಿ ಮಲಗಿಸುವ ಈ ರೋಗ ನವಿಲಿಗೂ ತಗುಲಬಲ್ಲದು. ಆದ್ದರಿಂದ ಕೋಳಿ ಮೇಯುವ ಜಾಗದಲ್ಲಿ ಕಾಡುಹಕ್ಕಿಗಳಿಗೆ ಕಾಳು ಹಾಕಬಾರದು. ಕೋಳಿಗಳಿಗೆ ಪಶುವೈದ್ಯ ಆಸ್ಪತ್ರೆಯಲ್ಲಿ ಲಸಿಕೆ ತಪ್ಪದೆ ಹಾಕಿಸಬೇಕು. 2020ರ ಮಾರ್ಚಿಯಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ದೃಢಪಟ್ಟದ್ದು ತಮಗೆ ನೆನಪಿರಬಹುದು. ಅಂಥ ಸುದ್ದಿ ಬಂದ ಕೂಡಲೇ ಕಾಳು ಹಾಕುವುದನ್ನು ಪೂರ್ತಿಯಾಗಿ ನಿಲ್ಲಿಸುವುದು ಕ್ಷೇಮ.

ನೀರು

ಕಾಳಿಗಿಂತ ನೀರು ಮುಖ್ಯವೆಂಬುದು ನನ್ನ ಅಭಿಪ್ರಾಯ. ನಾಗಮಂಗಲದಂಥ ಮಳೆಯಾಶ್ರಿತ ತಾಲ್ಲೂಕಿನಲ್ಲಿ ಶಿವರಾತ್ರಿ ಕಳೆದರೆ ಕಟ್ಟೆಗಳು ಒಣಗುತ್ತವೆ. ಕಾಳು ತಿನ್ನದ ಹಕ್ಕಿಗಳೂ ನೀರಿಗೆ ಬರುತ್ತವೆ. ಮಡಿವಾಳ, ಪಿಕಳಾರ, ಸೂರಕ್ಕಿ, ಟುವ್ವಿಹಕ್ಕಿ, ಹರಟೆಮಲ್ಲಗಳನ್ನು ನಾನು ಕಚೇರಿಯ ಹಿಂದೆ ಇಟ್ಟ ತಟ್ಟೆಯಲ್ಲಿ ನೋಡಿದ್ದೇನೆ. ಕಾಳಿನ ಕಲ್ಲಿಗೆ ಅವು ತಿರುಗಿಯೂ ನೋಡುವುದಿಲ್ಲ.

ಪಾತ್ರೆ ಅಗಲವಾದ ಮಣ್ಣಿನದಾಗಿರಲಿ. ನಡುವೆ ಎರಡು ಇಂಚಿಗಿಂತ ಆಳ ಬೇಡ, ಅಂಚಿನಲ್ಲಿ ಅರ್ಧ ಇಂಚು ಸಾಕು, ಮಧ್ಯೆ ಒರಟಾದ ಕಲ್ಲೊಂದಿರಲಿ. ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ಏಳೆಂಟು ಅಡಿ ದೂರವಿರಲಿ, ಆದರೆ ಹಾರಿ ಕೂರಲು ಕೊಂಬೆಯೊಂದು ಹತ್ತಿರವಿರಲಿ. ನೀರನ್ನು ದಿನವೂ ಚೆಲ್ಲಿ ಹೊಸದಾಗಿ ತುಂಬಬೇಕು. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಕಚೇರಿಯ ತಟ್ಟೆಯನ್ನೇ ಬೋರಲು ಹಾಕಿ, 'ಊರಿಗೆಲ್ಲ ಬುದ್ಧಿ ಹೇಳೋರೇ ಹಿಂಗಿಟ್ಟರೆ ಹೆಂಗೆ ಸಾರ್' ಎಂದು ಕೇಳಿದರು. ಅವರು ಹೇಳಿದ್ದು ಸರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ನಿತ್ಯ ತೊಳೆಯಲಾಗದವರು ತಟ್ಟೆ ಇಡದಿರುವುದೇ ಲೇಸು.

ಪಂಚಾಯಿತಿಯ ಕಾಮಗಾರಿಗಳಲ್ಲಿ ನಾವು ಮಾಡಬಹುದಾದ ಸಣ್ಣ ತಿದ್ದುಪಡಿಗಳು ಕೆಲವಿವೆ. ಕೊಳವೆಬಾವಿಯ ಬಳಿ ದನಗಳಿಗೆ ಕಟ್ಟಿಸುವ ತೊಟ್ಟಿಗಳ ಗೋಡೆ ನೇರವಾಗಿ, ನುಣುಪಾಗಿರುತ್ತದೆ. ನೀರು ತಳಕ್ಕಿಳಿದಾಗ ಕುಡಿಯಲು ಬಗ್ಗಿದ ಗೊರವಂಕ, ಅಳಿಲು ಒಳಗೆ ಬಿದ್ದರೆ ಹತ್ತಲಾರದೆ ಸಾಯುತ್ತವೆ. ತೊಟ್ಟಿಯ ಒಂದು ಮೂಲೆಯಲ್ಲಿ ಒರಟಾದ ಇಳಿಜಾರು ಕಟ್ಟಿಸಿದರೆ ಈ ಸಾವು ತಪ್ಪುತ್ತದೆ. ಅದಕ್ಕೆ ಬೇಕಾಗುವುದು ಉಳಿದ ಗಾರೆ ಮತ್ತು ಮೇಸ್ತ್ರಿಯ ಅರ್ಧ ಗಂಟೆ. ಓವರ್‌ಹೆಡ್ ಟ್ಯಾಂಕಿನ ಒಡೆದ ಮುಚ್ಚಳವನ್ನು ಬದಲಿಸುವುದು ಹಕ್ಕಿಗಿಂತ ಮೊದಲು ನಮ್ಮ ಮಕ್ಕಳ ಆರೋಗ್ಯಕ್ಕಾಗಿ. ಹೊಸ ಕಟ್ಟಡಗಳಿಗೆ ಕನ್ನಡಿಯಂತೆ ಹೊಳೆಯುವ ಗಾಜು ಹಾಕಿಸುವ ಮುನ್ನ, ಆ ಗಾಜಿನಲ್ಲಿ ಆಕಾಶವನ್ನು ಕಂಡು ಬಂದು ಬಡಿಯುವ ಹಕ್ಕಿಗಳನ್ನೂ ನೆನೆಯಬೇಕು.

ಗುಬ್ಬಚ್ಚಿಯ ಬಗ್ಗೆ ಒಂದು ಮಾತು. ನಾಡಹೆಂಚಿನ ಸಂದು ಗುಬ್ಬಚ್ಚಿಗೆ ಗೂಡಾಗಿತ್ತು. ಆರ್‌ಸಿಸಿ ಮನೆಯಲ್ಲಿ ಸಂದಿಲ್ಲ. ಮರದ ಪೆಟ್ಟಿಗೆ ಇಡುವವರು 32 ಮಿಲಿಮೀಟರ್ ಅಗಲದ ರಂಧ್ರ ಕೊರೆಸಿ, ಎಂಟು ಹತ್ತು ಅಡಿ ಎತ್ತರದಲ್ಲಿ, ಇಳಿಬಿಸಿಲು ಬೀಳದ ಗೋಡೆಗೆ ಹೊಡೆಸಲಿ. ಮರಿಗಳಿಗೆ ಹುಳು ಬೇಕು, ಕಾಳಲ್ಲ. ಹುಳು ಇರಬೇಕಾದರೆ ಹಿತ್ತಲಿನಲ್ಲಿ ಗಿಡ ಇರಬೇಕು. ಗುಬ್ಬಚ್ಚಿ ದೇಶದಿಂದಲೇ ಮಾಯವಾಗಿದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಭಾರತದ ಹಕ್ಕಿಗಳ ಸ್ಥಿತಿಯ ಬಗ್ಗೆ 2020ರಲ್ಲಿ ಬಂದ ವರದಿ ಹೇಳಿದ್ದು ಬೇರೆ. ದೊಡ್ಡ ನಗರಗಳಲ್ಲಿ ಅದು ಕಡಿಮೆಯಾಗಿದೆ, ದೇಶದ ಒಟ್ಟು ಲೆಕ್ಕದಲ್ಲಿ ಸುಮಾರಾಗಿ ಸ್ಥಿರವಾಗಿದೆ. ನಮ್ಮ ಊರಿನಲ್ಲಿ ಏನಾಗಿದೆ ಎಂಬುದನ್ನು ನಾವೇ ಎಣಿಸಿ ತಿಳಿಯಬೇಕು.

ನವಿಲಿನ ಪ್ರಶ್ನೆ

ಈಗ ಮೊದಲ ಎರಡು ಅರ್ಜಿಗಳಿಗೆ ಬರುತ್ತೇನೆ.

ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದೆ. ಅಧಿನಿಯಮದ ಪ್ರಕಾರ ವಿಷವಿಡುವುದು, ಬಲೆ ಒಡ್ಡುವುದು, ಮೊಟ್ಟೆ ಅಥವಾ ಗೂಡನ್ನು ಹಾಳುಮಾಡುವುದು ಎಲ್ಲವೂ ಬೇಟೆಯೇ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದವರೆಗೆ ಕಾರಾಗೃಹವಾಸ. 2022ರ ತಿದ್ದುಪಡಿಯ ನಂತರ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ನವಿಲನ್ನು ಹಿಡಿಸಿ ಬೇರೆಡೆಗೆ ಬಿಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೆಂಬುದನ್ನು, ನಮ್ಮ ಸದಸ್ಯರ ಮನೆಗಳಲ್ಲಿಯೂ ಪಂಜರ ಕಂಡಿರುವುದರಿಂದ, ಇಲ್ಲಿಯೇ ಹೇಳಿಬಿಡುತ್ತೇನೆ.

ಆದರೆ ಕಾನೂನು ಹೇಳಿ ಕೈತೊಳೆದುಕೊಂಡರೆ ರೈತನ ಬೀಜ ಮರಳಿ ಬರುವುದಿಲ್ಲ. ನವಿಲಿನ ಸಂಖ್ಯೆ ದೇಶದಲ್ಲಿ ಹೆಚ್ಚಿದೆ ಎಂದು ಮೇಲೆ ಹೇಳಿದ ವರದಿಯೇ ತಿಳಿಸುತ್ತದೆ. ದೂರು ಕೊಡುವ ರೈತ ಹಕ್ಕಿಯ ವೈರಿ ಎಂದು ಬಗೆಯುವುದು ಅನ್ಯಾಯ. ನಾಲ್ಕೈದು ಕಿಲೋ ತೂಗುವ ಹಕ್ಕಿಯ ಹಿಂಡೊಂದು ಬೆಳಿಗ್ಗೆ ಬಿತ್ತಿದ ಸಾಲನ್ನು ಸಂಜೆಯೊಳಗೆ ಮುಗಿಸಬಲ್ಲದು. ಸಣ್ಣ ಹಿಡುವಳಿದಾರನಿಗೆ ಎರಡನೆಯ ಬಾರಿ ಬೀಜ ಕೊಳ್ಳಲು ಹಣವಿರುವುದಿಲ್ಲ.

ಹಿತ್ತಲಿನಲ್ಲಿ ನವಿಲಿಗೆ ಕಾಳು ಹಾಕುವುದು ಈ ಕಷ್ಟವನ್ನು ಹೆಚ್ಚಿಸುತ್ತದೆ. ನವಿಲು ಹುಳು, ಗೆದ್ದಲು, ಓತಿ, ಹಾವಿನ ಮರಿ, ಹಣ್ಣು, ಚಿಗುರು ಎಲ್ಲವನ್ನೂ ತಿನ್ನುವ ಹಕ್ಕಿ; ಅದಕ್ಕೆ ನಮ್ಮ ಕಾಳಿನ ಹಂಗಿಲ್ಲ. ನಿತ್ಯ ಒಂದೆಡೆ ಕಾಳು ಸಿಕ್ಕರೆ ಚದುರಿ ಮೇಯುತ್ತಿದ್ದವು ಒಂದೆಡೆ ಸೇರುತ್ತವೆ, ಮನುಷ್ಯರ ಭಯ ಬಿಡುತ್ತವೆ, ನಾಯಿಯ ಬಾಯಿಗೂ ವಾಹನದ ಚಕ್ರಕ್ಕೂ ಸಿಗುತ್ತವೆ. ಹಿಡಿ ಕಾಳು ಮುಗಿದ ಮೇಲೆ ಹಸಿವು ತೀರದೆ ಪಕ್ಕದ ಹೊಲಕ್ಕೆ ನಡೆಯುತ್ತವೆ. ಆ ಶಿಕ್ಷಕರು ಹಾಕಿದ್ದು ದಿನಕ್ಕೆ ಎರಡು ಸೇರು ಜೋಳ. ಅವರ ಅಂತಃಕರಣ ದೊಡ್ಡದು. ಅದರ ಬೆಲೆ ತೆತ್ತದ್ದು ನೆರೆಯವರು, ಆಮೇಲೆ ನವಿಲುಗಳು. ಆದ್ದರಿಂದ ನವಿಲಿಗೆ ಕಾಳು ಹಾಕುವ ಕಟ್ಟೆಗಳಿಗೆ ಪಂಚಾಯಿತಿ ಹಣ ಕೊಡಬಾರದೆಂಬುದು ನನ್ನ ಸ್ಪಷ್ಟ ನಿಲುವು. ಸಣ್ಣ ಹಕ್ಕಿಗೆ ಹಿಡಿ ಕಾಳು ಸರಿ. ನವಿಲಿಗೆ ನೀರು ಮತ್ತು ನೆರಳು ಸಾಕು.

ಹೊಲದಲ್ಲಿ ಮಾಡಬಹುದಾದದ್ದೂ ಇದೆ. ರಾಗಿಯನ್ನು ಚೆಲ್ಲಿ ಬಿತ್ತುವ ಬದಲು ಪೈರು ಮಾಡಿ ನಾಟಿ ಹಾಕಿದರೆ ಕೆದಕಿ ತಿನ್ನಲು ಬೀಜವೇ ಇರುವುದಿಲ್ಲ. ನೆಲಗಡಲೆ ಮೊಳೆಯುವ ಮೊದಲ ಹತ್ತು ಹದಿನೈದು ದಿನ ಹೊಲ ಕಾಯುವುದು ಅನಿವಾರ್ಯ. ಅಕ್ಕಪಕ್ಕದವರು ಒಂದೇ ವಾರದಲ್ಲಿ ಬಿತ್ತಿದರೆ ಸರದಿಯ ಮೇಲೆ ಕಾಯಬಹುದು. ಹೊಳೆಯುವ ಪಟ್ಟಿ ಕೆಲವು ದಿನ ಕೆಲಸ ಮಾಡುತ್ತದೆ, ಆಮೇಲೆ ನವಿಲು ಅದರ ಪಕ್ಕದಲ್ಲೇ ನಿಂತು ಮೇಯುತ್ತದೆ. ಫೋರೇಟ್ ಹರಳಿನ ಮಾರಾಟ ಮತ್ತು ಬಳಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ. ಹಳೆಯ ದಾಸ್ತಾನು ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಅದು ಹಕ್ಕಿಗಿಂತ ಮೊದಲು ಆ ಮನೆಯವರಿಗೇ ಗಂಡಾಂತರ.

ಹೆಣ್ಣು ನವಿಲು ಮುಂಗಾರಿನ ಆಸುಪಾಸಿನಲ್ಲಿ ಪೊದೆಯಡಿ ಬರಿನೆಲದ ಮೇಲೆ ನಾಲ್ಕರಿಂದ ಆರು ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಆ ತಿಂಗಳುಗಳಲ್ಲಿ ಬದುವಿಗೆ ಬೆಂಕಿ ಹಾಕದಿರುವುದು, ಗುಂಡುತೋಪಿನ ಪೊದೆಗಳನ್ನು 'ಸ್ವಚ್ಛತೆ' ಹೆಸರಿನಲ್ಲಿ ಬೋಳಿಸದಿರುವುದು ಯಾವ ಖರ್ಚೂ ಇಲ್ಲದ ರಕ್ಷಣೆ. ತೋಪಿನಲ್ಲಿ ಸಸಿ ನೆಡಿಸುವಾಗ ಬರಿಯ ಸಿಲ್ವರ್ ಓಕ್ ಬೇಡ. ಅತ್ತಿ, ಆಲ, ಗೋಣಿ, ನೇರಳೆ, ಹೊಂಗೆ, ಬೇವು ಇರಲಿ. ಕಾಡಂಚಿನಲ್ಲಿ ಹಣ್ಣಿದ್ದರೆ ಹಿತ್ತಲಿಗೆ ಬರುವ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ.

ನೋಡುವುದು, ಬರೆದಿಡುವುದು

ಹಕ್ಕಿ ನೋಡಲು ದುರ್ಬೀನು ಬೇಕೇಬೇಕೆಂದಿಲ್ಲ. ಬೆಳಿಗ್ಗೆ ಆರೂವರೆಗೆ ಹಿತ್ತಲ ಕಲ್ಲಿನ ಮೇಲೆ ಹದಿನೈದು ನಿಮಿಷ ಅಲ್ಲಾಡದೆ ಕುಳಿತರೆ ಸಾಕು. ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು ಎಂದು ಬರೆಯಬೇಕು. ಹೆಸರು ತಿಳಿಯದಿದ್ದರೆ ಮನೆಯ ಅಜ್ಜಿಯನ್ನು ಕೇಳಿ. ಕಾಜಾಣ, ಕಳ್ಳಿಪೀರ, ಕೆಂಬೂತ, ಗೀಜಗ, ಚಂದ್ರಮುಕುಟಗಳನ್ನು ನನಗೆ ತೋರಿಸಿಕೊಟ್ಟವರು ನರೇಗಾ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು. ನೋಡುತ್ತ ಹೋದಂತೆ ಕಾಳಿಗೆ ಬರುವ ಹಕ್ಕಿಗಳು ನಾಲ್ಕೈದೇ ಜಾತಿ, ಹುಳುವಿಗೆ ಬರುವವು ಅದಕ್ಕಿಂತ ಹೆಚ್ಚು ಎಂಬುದು ಗೊತ್ತಾಗುತ್ತದೆ. ಹೊಲದಲ್ಲಿ ಎಕರೆಗೆ ಹತ್ತರಂತೆ ಕವೆಗೋಲು ನೆಟ್ಟರೆ ಕಾಜಾಣಗಳು ಅದರ ಮೇಲೆ ಕುಳಿತು ಕಾಯಿಕೊರಕವನ್ನು ಹೆಕ್ಕುತ್ತವೆ. ಅಪಶಕುನವೆಂದು ನಾವು ಕಲ್ಲೆಸೆಯುವ ಗೂಬೆ ರಾತ್ರಿಯಿಡೀ ಇಲಿ ಹಿಡಿಯುತ್ತದೆ.

ಈ ಎಣಿಕೆಗೆ ಕಾನೂನಿನ ಸ್ಥಾನವೂ ಇದೆ. 2002ರ ಜೈವಿಕ ವೈವಿಧ್ಯ ಅಧಿನಿಯಮದಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯರ ನೆರವಿನಿಂದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2020ರ ಜನವರಿ 31ರ ಗಡುವು ಕೊಟ್ಟಿದ್ದರಿಂದ ಹಲವೆಡೆ ಈ ದಾಖಲಾತಿ ಅವಸರದಲ್ಲಿ ಮುಗಿಯಿತು. ನಾನು ನೋಡಿದ ಒಂದರಲ್ಲಿ ಪಕ್ಷಿಗಳ ಪುಟದಲ್ಲಿ ಇದ್ದದ್ದು ಇಷ್ಟೇ: 'ಕಾಗೆ, ಗುಬ್ಬಿ, ನವಿಲು ಇತ್ಯಾದಿ.' ಆ 'ಇತ್ಯಾದಿ'ಯೊಳಗೆ ಏನಿದೆ ಎಂದು ಬರೆಯುವ ಅವಕಾಶ ಈಗಲೂ ಇದೆ, ದಾಖಲಾತಿಯನ್ನು ತಿದ್ದಿ ಬೆಳೆಸುತ್ತಿರಬೇಕೆಂಬುದೇ ಅದರ ಉದ್ದೇಶ. ಫೆಬ್ರುವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲಿನ ಹಕ್ಕಿಗಳ ಎಣಿಕೆ ನಡೆಯುತ್ತದೆ. 2013ರಿಂದ ಭಾರತದಲ್ಲಿಯೂ ನಡೆಯುತ್ತಿದೆ. ಶಾಲಾ ಮಕ್ಕಳನ್ನೂ ಸ್ವಸಹಾಯ ಸಂಘದವರನ್ನೂ ಸೇರಿಸಿಕೊಂಡು ಅದೇ ದಿನಗಳಲ್ಲಿ ನಮ್ಮ ಎಣಿಕೆಯನ್ನೂ ಇಟ್ಟುಕೊಳ್ಳಬಹುದು.

ನವಿಲು ಸತ್ತ ಆ ಊರಿನಲ್ಲಿ ಮರುವರ್ಷ ಗುಂಡುತೋಪಿನ ಆಚೆಯ ಅಂಚಿನಲ್ಲಿ, ಹೊಲಗಳಿಂದ ದೂರದಲ್ಲಿ, ನೀರಿನ ತೊಟ್ಟಿಯೊಂದನ್ನು ಇಳಿಜಾರು ಸಹಿತ ಕಟ್ಟಿಸಿದೆವು. ಶಿಕ್ಷಕರು ಜೋಳ ಹಾಕುವುದನ್ನು ಒಂದೇ ದಿನ ನಿಲ್ಲಿಸದೆ ತಿಂಗಳ ಅವಧಿಯಲ್ಲಿ ಕಡಿಮೆ ಮಾಡುತ್ತ ಬಂದು ಬಿಟ್ಟರು. ನವಿಲುಗಳು ಹೊಲಕ್ಕೆ ಬರುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಆ ವರ್ಷ ರೈತರು ಎರಡನೆಯ ಬಾರಿ ಬಿತ್ತಬೇಕಾಗಲಿಲ್ಲ. ಫೆಬ್ರುವರಿಯ ಎಣಿಕೆಗೆ ಇಬ್ಬರೂ ಬಂದರು. ಬೇರೆ ಬೇರೆ ಗುಂಪಿನಲ್ಲಿ.

ಸತ್ತ ಅಥವಾ ಗಾಯಗೊಂಡ ಹಕ್ಕಿ ಕಂಡಲ್ಲಿ ಬರಿಗೈಯಿಂದ ಮುಟ್ಟದೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸುವುದು. ಒಂದೇ ಕಡೆ ಹಲವು ಕೋಳಿ ಅಥವಾ ಹಕ್ಕಿಗಳು ಸತ್ತಿದ್ದರೆ ಪಶುವೈದ್ಯಾಧಿಕಾರಿಗಳಿಗೆ ಅಂದೇ ತಿಳಿಸುವುದು. ತಮ್ಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯ ಪಕ್ಷಿಗಳ ಪುಟವನ್ನು ಅಭಿವೃದ್ಧಿ ಅಧಿಕಾರಿಯಿಂದ ತರಿಸಿಕೊಂಡು, ಮುಂದಿನ ಸಾಮಾನ್ಯ ಸಭೆಯಲ್ಲಿ ಒಮ್ಮೆ ಓದಿಸಬೇಕೆಂದು ಕೋರುತ್ತೇನೆ.